ಪ್ರಾರಂಭದ ಋಣ

ಒಂದು ಕಾರ್ಯವನ್ನು ಪ್ರಾರಂಭಿಸುವ ದಿನಕ್ಕೆ ಲೋಕದಲ್ಲಿ ಸಲ್ಲುವ ಮರ್ಯಾದೆಯು ಅದನ್ನು ಮುಗಿಸುವ ದಿನಕ್ಕೆ ಸಲ್ಲುವುದಿಲ್ಲ. ತಳಿರು ತೋರಣ, ದೀಪ, ಭಾಷಣ, ಮಂಗಳವಾದ್ಯ ಇವೆಲ್ಲವೂ ಮೊದಲ ದಿನದ ಸೊತ್ತುಗಳು. ಕೊನೆಯ ದಿನವು ಒಂದು ಸಣ್ಣ ಪ್ರಕಟನೆಯೊಡನೆ, ಕೆಲವು ವೇಳೆ ಅದೂ ಇಲ್ಲದೆ, ಬಂದು ಹೋಗುತ್ತದೆ. ಇದು ಮನುಷ್ಯಸ್ವಭಾವವೆಂದು ಸುಮ್ಮನಾಗಬಹುದು. ಆದರೆ ಧರ್ಮಜಿಜ್ಞಾಸೆಗೆ ಇಲ್ಲಿ ಒಂದು ಪ್ರಶ್ನೆ ಅಡಗಿದೆ. ಹತ್ತು ಜನರೆದುರಿಗೆ ನಿಂತು, ಇಂದಿನಿಂದ ಇಂಥ ಸೇವೆಯು ಎಲ್ಲರಿಗೂ ದೊರೆಯುವುದೆಂದು ಸಾರಿದವನು ಆ ಒಂದು ಮಾತಿನಿಂದ ಏನನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಂತಾಯಿತು? ಅವನು ಸರಕು ಮಾರಲು ಒಂದು ಅಂಗಡಿಯನ್ನು ತೆರೆದನೆ? ಅಥವಾ ಅರಿತೋ ಅರಿಯದೆಯೋ ಒಂದು ಋಣವನ್ನು ಪಡೆದನೆ?

ಪೂರ್ವಿಕರು ಯಾವ ಕರ್ಮವನ್ನು ಆರಂಭಿಸುವಾಗಲೂ ಮೊದಲು ಸಂಕಲ್ಪ ಮಾಡುತ್ತಿದ್ದರು, ಇಂದಿಗೂ ಮಾಡುವವರುಂಟು. ಸಂಕಲ್ಪದಲ್ಲಿ ದೇಶವನ್ನೂ ಕಾಲವನ್ನೂ ಕರ್ತೃವಿನ ಗೋತ್ರನಾಮಗಳನ್ನೂ ಕರ್ಮದ ಉದ್ದೇಶವನ್ನೂ ಬಿಡದೆ ಉಚ್ಚರಿಸಬೇಕು. ಅದರ ತಾತ್ಪರ್ಯವು ಸ್ಪಷ್ಟವಾಗಿದೆ. ಆರಂಭಿಸುವವನು ತಾನು ಯಾರು, ಎಲ್ಲಿ, ಎಂದು, ಯಾವುದಕ್ಕಾಗಿ ತೊಡಗಿದೆನೆಂಬುದನ್ನು ಬಾಯಿಬಿಟ್ಟು ಹೇಳಿ ತನ್ನನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಈಗಿನ ಕಾಲದ ಉದ್ಘಾಟನೆಗಳಲ್ಲಿಯೂ ದೇಶಕಾಲಗಳುಂಟು. ಕರ್ತೃವಿನ ಹೆಸರು ಉಂಟು. ಉದ್ದೇಶವಂತೂ ದೊಡ್ಡ ಅಕ್ಷರಗಳಲ್ಲಿ ಉಂಟು. ಆದರೆ ಸಂಕಲ್ಪದ ಜೀವವಾದ ಆ ಕಟ್ಟು ಉಂಟೆ ಎಂಬುದೇ ಇಲ್ಲಿ ವಿಚಾರಮಾಡತಕ್ಕ ವಿಷಯ.

ಇಂಥ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ಬಿಡಿಸುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಇಪ್ಪತ್ತೊಂದನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಅನೇಕ ದೇಶಗಳಲ್ಲಿ ಬಹು ಸಂಭ್ರಮದಿಂದ ಪ್ರಾರಂಭವಾದ, ಕೈಯಲ್ಲಿ ಕೊಂಡೊಯ್ಯಬಹುದಾದ ನಿಸ್ತಂತು ಅಂತರ್ಜಾಲ ಸೇವೆಯ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ಅಂತರ್ಜಾಲವು ಮನೆಗಳಿಗೆ ಮೊದಲು ಬಂದುದು ತಂತಿಯ ಮೂಲಕ. ಟೆಲಿಫೋನಿನ ತಂತಿಯೋ ಟೆಲಿವಿಷನ್ನಿನ ಕೇಬಲ್ಲೋ ಎಲ್ಲಿಯವರೆಗೆ ಹೋಗಿತ್ತೋ ಅಲ್ಲಿಯವರೆಗೆ ಅದೂ ಹೋಯಿತು. ಆಮೇಲೆ, ತಂತಿಯ ಹಂಗಿಲ್ಲದೆ, ಟವರೊಂದರಿಂದ ಹೊರಡುವ ರೇಡಿಯೋ ತರಂಗಗಳ ಮೂಲಕವೇ ಅದೇ ವೇಗವನ್ನು ಮನುಷ್ಯನ ಕೈಗೆ ತಲುಪಿಸಬಹುದೆಂಬ ಯೋಚನೆ ಬಲಿಯಿತು. ೨೦೦೫ನೆಯ ಇಸವಿಯ ಡಿಸೆಂಬರಿನಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯೊಂದು ಇದಕ್ಕೆ ಬೇಕಾದ ನಿಯಮಾವಳಿಯನ್ನು ಅಂಗೀಕರಿಸಿತು. ಈ ಪದ್ಧತಿಗೆ ವೈಮ್ಯಾಕ್ಸ್ ಎಂಬ ಹೆಸರು ರೂಢಿಗೆ ಬಂದಿತು. ಅಂಗೈಯಗಲದ ಒಂದು ಉಪಕರಣವನ್ನು ಚೀಲದಲ್ಲಿಟ್ಟುಕೊಂಡು ಹೋದವನು ಊರಿನ ಯಾವ ಮೂಲೆಯಲ್ಲಿ ಕುಳಿತರೂ ಜಾಲವು ಅವನೊಡನೆ ಇರುವುದೆಂಬುದೇ ಅದರ ವಾಗ್ದಾನ.

ಇಲ್ಲಿ ತಂತಿಗೂ ತರಂಗಕ್ಕೂ ಇರುವ ಒಂದು ಭೇದವನ್ನು ಗಮನಿಸಬೇಕು. ತಂತಿಯನ್ನು ಎಳೆಯುವವನು ನೆಲವನ್ನು ಅಗೆಯಬೇಕು, ಕಂಬಗಳನ್ನು ನೆಡಬೇಕು, ಪ್ರತಿಯೊಂದು ಮನೆಯ ಗೋಡೆಗೂ ಮೊಳೆ ಹೊಡೆಯಬೇಕು. ಅವನು ಬರುವುದೂ ಕಷ್ಟ, ಹೋಗುವುದೂ ಕಷ್ಟ. ಅವನ ಹಣವು ಊರಿನ ಮಣ್ಣಿನಲ್ಲಿ ಹೂತುಹೋಗಿರುತ್ತದೆ. ಆದುದರಿಂದ ಅವನ ಸ್ವಾರ್ಥವೇ ಅವನನ್ನು ಆ ಊರಿಗೆ ಕಟ್ಟಿಹಾಕುತ್ತದೆ. ತರಂಗದ ಮಾತು ಹಾಗಲ್ಲ. ಅದಕ್ಕೂ ಟವರುಗಳು ಬೇಕು, ಹಣ ಬೇಕು. ಆದರೆ ಅದು ಯಾರ ಹೊಸ್ತಿಲನ್ನೂ ಮುಟ್ಟದೆ ಬರುತ್ತದೆ, ಯಾರ ಹೊಸ್ತಿಲನ್ನೂ ಮುಟ್ಟದೆ ಹೋಗಬಲ್ಲುದು. ಒಂದು ರಾತ್ರಿ ಟವರಿನ ಯಂತ್ರವನ್ನು ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಸೇವೆಯು ಇದ್ದಿತೆಂಬುದಕ್ಕೆ ಗುರುತೇ ಇರುವುದಿಲ್ಲ. ಉಳಿಯುವುದು ಗ್ರಾಹಕನ ಕೈಯಲ್ಲಿರುವ ಆ ಉಪಕರಣ ಒಂದೇ. ಅದನ್ನು ಹಣ ಕೊಟ್ಟು ಕೊಂಡವನು ಅವನು. ಆದುದರಿಂದ ಅದು ಅವನದು. ಆದರೆ ಅದು ಒಂದೇ ಭಾಷೆಯನ್ನು ಬಲ್ಲುದು. ಆ ಭಾಷೆಯಲ್ಲಿ ಮಾತನಾಡುವ ಟವರು ಮೌನವಾದರೆ ಅದು ಕಲ್ಲಿಗೆ ಸಮಾನ. ಸ್ವಂತವಾಗಿದ್ದೂ ಸ್ವಾಧೀನದಲ್ಲಿಲ್ಲದ ವಸ್ತು ಇದು. ತಂತಿಯ ಕಾಲದಲ್ಲಿ ಹೂತ ಹಣವು ಮಾಡುತ್ತಿದ್ದ ಕಾವಲನ್ನು ತರಂಗದ ಕಾಲದಲ್ಲಿ ಧರ್ಮಬುದ್ಧಿಯೇ ಮಾಡಬೇಕಾಗುತ್ತದೆ.

ದಕ್ಷಿಣ ಕೊರಿಯಾ ದೇಶವು ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೆಜ್ಜೆಯಿಟ್ಟಿತು. ಅಲ್ಲಿ ವೈಮ್ಯಾಕ್ಸಿನ ಒಂದು ಪ್ರಭೇದಕ್ಕೆ ವೈಬ್ರೋ ಎಂದು ಹೆಸರು. ೨೦೦೬ನೆಯ ಇಸವಿಯ ಜೂನ್ ೩೦ರಂದು ಕೆ.ಟಿ., ಎಸ್.ಕೆ. ಟೆಲಿಕಾಂ ಎಂಬ ಎರಡು ಕಂಪೆನಿಗಳು ಸೋಲ್ ನಗರದ ಕಡೆಯಲ್ಲಿ ಅದನ್ನು ವಾಣಿಜ್ಯಸೇವೆಯಾಗಿ ತೆರೆದುವು. ತಮ್ಮ ದೇಶದಲ್ಲಿ ಹುಟ್ಟಿದ ವಿದ್ಯೆಯನ್ನು ಪ್ರಪಂಚಕ್ಕೆ ಕೊಡುತ್ತಿದ್ದೇವೆಂಬ ಅಭಿಮಾನವು ಆ ಪ್ರಾರಂಭದಲ್ಲಿ ಬೆರೆತಿದ್ದಿತು. ಮುಂದೆ ಕೆ.ಟಿ. ಕಂಪೆನಿಯು ಎಗ್, ಅಂದರೆ ಮೊಟ್ಟೆ, ಎಂಬ ಹೆಸರಿನ ಒಂದು ಪುಟ್ಟ ಉಪಕರಣವನ್ನು ಹೊರತಂದಿತು. ಜೇಬಿನಲ್ಲಿಟ್ಟುಕೊಂಡು ತಿರುಗಬಹುದಾದ ಅದು ವೈಬ್ರೋ ತರಂಗವನ್ನು ಹಿಡಿದು ಸುತ್ತಲಿನ ಕಂಪ್ಯೂಟರುಗಳಿಗೂ ಫೋನುಗಳಿಗೂ ಹಂಚುತ್ತಿತ್ತು. ಉಚ್ಛ್ರಾಯ ಕಾಲದಲ್ಲಿ ಗ್ರಾಹಕರ ಸಂಖ್ಯೆಯು ಹತ್ತು ಲಕ್ಷದ ಸುಮಾರಿಗೆ ಏರಿತು. ಅಷ್ಟರಲ್ಲಿ ಎಲ್.ಟಿ.ಇ. ಎಂಬ ಬೇರೊಂದು ಪದ್ಧತಿಯು ಪ್ರಪಂಚದ ಬಹುಪಾಲು ಕಂಪೆನಿಗಳ ಒಲವನ್ನು ಸೆಳೆದುಕೊಂಡಿತು. ೨೦೧೧ರಲ್ಲಿ ಕೊರಿಯಾದಲ್ಲಿಯೂ ಅದು ಕಾಲಿಟ್ಟಿತು. ವೈಬ್ರೋ ಗ್ರಾಹಕರು ವರ್ಷ ವರ್ಷಕ್ಕೂ ಕರಗಿದರು. ೨೦೧೮ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಕಂಪೆನಿಗಳು ಆ ಸೇವೆಯನ್ನು ಮುಗಿಸಿದುವು. ಉಳಿದಿದ್ದ ಗ್ರಾಹಕರಿಗೆ ಹೊಸ ಪದ್ಧತಿಗೆ ದಾಟಿಕೊಳ್ಳಲು ಅನುಕೂಲಗಳನ್ನು ಕೊಡಲಾಯಿತು.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದುದು ಇದಕ್ಕಿಂತ ತೊಡಕಾದ ಕಥೆ. ಅಲ್ಲಿ ಸ್ಪ್ರಿಂಟ್ ಕಂಪೆನಿಯು ೨೦೦೮ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರ್ ನಗರದಲ್ಲಿ ಜೋಮ್ ಎಂಬ ಹೆಸರಿನಿಂದ ಈ ಸೇವೆಯನ್ನು ಪ್ರಾರಂಭಿಸಿತು. ಬಳಿಕ ಅದು ಕ್ಲಿಯರ್‌ವೈರ್ ಎಂಬ ಕಂಪೆನಿಯೊಡನೆ ಕೂಡಿಕೊಂಡಿತು; ೨೦೦೯ರ ಜನವರಿಯಲ್ಲಿ ಪೋರ್ಟ್‌ಲೆಂಡಿನಲ್ಲಿಯೂ ಆಮೇಲೆ ಇತರ ಅನೇಕ ನಗರಗಳಲ್ಲಿಯೂ ಸೇವೆಯು ಹಬ್ಬಿತು. ಈ ಕಂಪೆನಿಯು ಬಳಸಿದ ತರಂಗಾಂತರದ ಪೂರ್ವಕಥೆಯು ಸ್ವಾರಸ್ಯವಾದುದು. ೧೯೬೩ರಲ್ಲಿ ಅಲ್ಲಿನ ಸರ್ಕಾರವು ಶಾಲೆಗಳಿಗೆ ಟೆಲಿವಿಷನ್ನಿನ ಮೂಲಕ ಪಾಠ ಹೇಳುವುದಕ್ಕೆಂದೇ ಆಕಾಶದ ಒಂದು ಭಾಗವನ್ನು ಮೀಸಲಿಟ್ಟಿತ್ತು. ಕಾಲಕ್ರಮದಲ್ಲಿ, ವಿದ್ಯಾಸಂಸ್ಥೆಗಳು ತಮಗೆ ಮಿಕ್ಕ ಭಾಗವನ್ನು ಕಂಪೆನಿಗಳಿಗೆ ಗೇಣಿಗೆ ಕೊಡಬಹುದೆಂದು ಅನುಮತಿ ದೊರೆಯಿತು. ಹೀಗೆ ಮಕ್ಕಳ ಪಾಠಕ್ಕೆಂದು ಬಿಟ್ಟ ಆಕಾಶದ ಒಂದು ಪಾಲಿನ ಮೇಲೆಯೇ ಹೊಸ ಸೇವೆಯು ನಿಂತಿತು. ಗೇಣಿಯ ಒಪ್ಪಂದದ ಫಲವಾಗಿ ಕೆಲವು ಪರೋಪಕಾರಿ ಸಂಸ್ಥೆಗಳಿಗೆ ಅಲ್ಪ ದರದಲ್ಲಿ ಸಂಪರ್ಕಗಳು ದೊರೆತುವು. ಅವು ಅದನ್ನು ಶಾಲೆಗಳಿಗೂ ಗ್ರಂಥಾಲಯಗಳಿಗೂ ಬಡ ಕುಟುಂಬಗಳಿಗೂ ಹಂಚಿದುವು.

೨೦೧೩ರಲ್ಲಿ ಸ್ಪ್ರಿಂಟ್ ಕಂಪೆನಿಯು ಕ್ಲಿಯರ್‌ವೈರನ್ನು ಪೂರ್ತಿಯಾಗಿ ಕೊಂಡುಕೊಂಡಿತು. ಮರುವರ್ಷ, ವೈಮ್ಯಾಕ್ಸ್ ಸೇವೆಯನ್ನು ೨೦೧೫ರ ಕೊನೆಯೊಳಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಆ ತರಂಗಾಂತರವನ್ನು ಎಲ್.ಟಿ.ಇ. ಸೇವೆಗೆ ಬಳಸುವುದು ಅದರ ಉದ್ದೇಶ. ಪರೋಪಕಾರಿ ಸಂಸ್ಥೆಗಳಾದರೋ, ಹಳೆಯ ಒಪ್ಪಂದದ ಷರತ್ತುಗಳ ಮೇಲೆಯೇ ತಮಗೆ ಹೊಸ ಸೇವೆಯು ದೊರೆಯಬೇಕೆಂದು ವಾದಿಸಿ ನ್ಯಾಯಸ್ಥಾನದ ಮೆಟ್ಟಿಲೇರಿದುವು. ಸಾಕಷ್ಟು ಮುಂಚಿತವಾಗಿ ತಿಳಿಸಿದ್ದೇವೆಂಬುದು ಕಂಪೆನಿಯ ಉತ್ತರ. ೨೦೧೫ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ನ್ಯಾಯಾಲಯವು, ಹಲವು ನಗರಗಳಲ್ಲಿ ಇನ್ನೂ ೯೦ ದಿನ ಸೇವೆಯನ್ನು ನಡೆಸಬೇಕೆಂದು ಆಜ್ಞೆ ಮಾಡಿತು. ೨೦೧೬ರಲ್ಲಿ ಟವರುಗಳು ಸುಮ್ಮನಾದುವು. ೨೦೧೯ರಲ್ಲಿ ಆ ದೇಶದ ಸಂಪರ್ಕ ಆಯೋಗವು, ಆ ತರಂಗಾಂತರವನ್ನು ವಿದ್ಯಾಸಂಸ್ಥೆಗಳೇ ಹೊಂದಿರಬೇಕೆಂಬ ನಿಯಮವನ್ನೂ ತೆಗೆದುಹಾಕಿತು. ಪಾಠಕ್ಕೆಂದು ಮೀಸಲಾಗಿದ್ದ ಆಕಾಶವು ಐವತ್ತಾರು ವರ್ಷಗಳ ತರುವಾಯ ಆ ಮೀಸಲನ್ನು ಕಳೆದುಕೊಂಡಿತು.

ಈ ಎರಡು ಕಥೆಗಳಲ್ಲಿ ಯಾರದು ತಪ್ಪು ಎಂದು ಅವಸರದಿಂದ ತೀರ್ಪು ಹೇಳುವುದು ಸುಲಭ. ಪ್ರಶ್ನೆಯನ್ನು ತೂಗಿ ನೋಡುವುದು ಅಷ್ಟು ಸುಲಭವಲ್ಲ. ಈ ವಿಷಯದಲ್ಲಿ ಮೂರು ಪಕ್ಷಗಳನ್ನು ಎಣಿಸಬಹುದು.

ಮೊದಲನೆಯದು ವ್ಯಾಪಾರಧರ್ಮದ ಪಕ್ಷ. ಅಂಗಡಿಯನ್ನು ತೆರೆದವನು ಅದನ್ನು ಮುಚ್ಚಲೂ ಸ್ವತಂತ್ರನು. ತಿಂಗಳ ಹಣಕ್ಕೆ ತಿಂಗಳ ಸೇವೆ. ಎರಡೂ ಸಂದಮೇಲೆ ಯಾರಿಗೂ ಯಾರೂ ಸಾಲಗಾರರಲ್ಲ. ನಷ್ಟದಲ್ಲಿ ನಡೆಯುವ ಅಂಗಡಿಯನ್ನು ತೆರೆದಿಟ್ಟೇ ಇರಬೇಕೆಂದು ವ್ಯಾಪಾರಿಯನ್ನು ಬಲಾತ್ಕರಿಸುವುದು ಅನ್ಯಾಯವೆಂದು ಈ ಪಕ್ಷದವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಮಾಡಿಕೊಂಡ ಒಪ್ಪಂದವನ್ನು ಸಲ್ಲಿಸುವುದು ಧರ್ಮದ ಮೊದಲ ಮೆಟ್ಟಿಲು. ಆದರೆ ಅದೇ ಕೊನೆಯ ಮೆಟ್ಟಿಲೆಂದು ತಿಳಿಯುವುದು ಸರಿಯೇ ಎಂಬುದು ಸಂದೇಹ.

ಎರಡನೆಯದು ವ್ರತಧರ್ಮದ ಪಕ್ಷ. ಹಿಡಿದ ವ್ರತವನ್ನು ಬಿಡಬಾರದು. ತೊಡಗಿದ ಸೇವೆಯನ್ನು ಪ್ರಾಣವಿರುವವರೆಗೆ ನಡೆಸಬೇಕು. ಕೇಳುವುದಕ್ಕೆ ಇದು ಉದಾತ್ತವಾಗಿದೆ. ಆದರೆ ಲೋಕವ್ಯವಹಾರದಲ್ಲಿ ಇದು ನಿಲ್ಲಲಾರದು. ಕೆಲವೇ ಗ್ರಾಹಕರಿಗಾಗಿ ಹಳೆಯ ಪದ್ಧತಿಯನ್ನು ನಡೆಸುತ್ತ ಹೋದರೆ, ಅದು ಹಿಡಿದಿಟ್ಟುಕೊಂಡ ತರಂಗಾಂತರದಿಂದ ಇನ್ನೆಷ್ಟೋ ಜನಕ್ಕೆ ಆಗಬಹುದಾದ ಉಪಕಾರವು ತಪ್ಪುತ್ತದೆ. ಮೇಲಾಗಿ, ಆರಂಭಿಸಿದ್ದನ್ನು ಎಂದೆಂದಿಗೂ ಬಿಡಬಾರದೆಂಬ ನಿಯಮವಿದ್ದರೆ ಜಾಣರಾದವರು ಯಾವುದನ್ನೂ ಆರಂಭಿಸಲಾರರು. ಸದುದ್ದೇಶದ ಸಾಹಸವು ಬಸಿರಿನಲ್ಲಿಯೇ ಬತ್ತಿಹೋಗುವುದು.

ಮೂರನೆಯದು ಅವಲಂಬನದ ಪಕ್ಷವೆಂದು ಕರೆಯಬಹುದು. ಅದನ್ನು ತಿಳಿಯುವುದಕ್ಕೆ ಹೊಳೆಯ ದಡದ ಒಂದು ಊರನ್ನು ಕಲ್ಪಿಸಿಕೊಳ್ಳಬೇಕು. ಹೊಳೆಗೆ ದೋಣಿಯಿಲ್ಲದಿದ್ದ ಕಾಲದಲ್ಲಿ ಜನರು ಎರಡು ಹರಿದಾರಿ ಸುತ್ತಿ, ನೀರು ಇಳಿದ ಕಡೆಯಲ್ಲಿ ಕಾಲ್ನಡೆಯಾಗಿ ದಾಟುತ್ತಿದ್ದರು. ಒಬ್ಬ ಅಂಬಿಗನು ದೋಣಿಯನ್ನು ಹಾಕಿದನು. ಕಾಸಿಗೆ ದಾಟಿಸತೊಡಗಿದನು. ಕೆಲವು ವರ್ಷಗಳಲ್ಲಿ ಆಚೆಯ ದಡದಲ್ಲಿ ಹೊಲ ಮಾಡಿದವರಾದರು. ಆಚೆಯ ಊರಿಗೆ ಹೆಣ್ಣು ಕೊಟ್ಟವರಾದರು. ಮಕ್ಕಳು ಆಚೆಯ ಶಾಲೆಗೆ ಹೋಗುವಂತಾಯಿತು. ಹಳೆಯ ಕಾಲುದಾರಿಯು ಮುಳ್ಳುಕಂಟಿ ಬೆಳೆದು ಮುಚ್ಚಿಹೋಯಿತು. ಆಗ ಒಂದು ದಿನ ಅಂಬಿಗನು ದೋಣಿಯನ್ನು ಎಳೆದುಕೊಂಡು ಬೇರೆ ಕಡವಿಗೆ ಹೋದರೆ, ಊರು ದೋಣಿ ಬರುವುದಕ್ಕೆ ಮೊದಲಿದ್ದ ಸ್ಥಿತಿಗೆ ಮರಳಿತೆಂದು ಹೇಳಬಹುದೆ? ಎಂದಿಗೂ ಇಲ್ಲ. ಮೊದಲು ಇದ್ದ ದಾರಿಯೂ ಈಗ ಇಲ್ಲ. ದೋಣಿಯೇ ಬಾರದಿದ್ದರೆ ಆಗದಿದ್ದ ಹಾನಿಯು ದೋಣಿಯು ಬಂದು ಹೋದುದರಿಂದ ಆಯಿತು.

ಪ್ರಾರಂಭದ ಋಣವೆಂಬುದರ ತಿರುಳು ಇದೇ. ಹೊಸ ಸೇವೆಯೊಂದು ಇದ್ದ ಸೌಕರ್ಯಗಳ ಸಾಲಿಗೆ ಇನ್ನೊಂದನ್ನು ಸೇರಿಸುವುದಷ್ಟೇ ಅಲ್ಲ. ಅದು ಹಳೆಯ ದಾರಿಗಳನ್ನು ಸವೆಯಿಸುತ್ತದೆ. ಕೈಯಲ್ಲಿ ಹಿಡಿದುಕೊಳ್ಳುವ ಜಾಲವು ದೊರೆತ ಮನೆಯವರು ತಂತಿಯ ಸಂಪರ್ಕವನ್ನು ತೆಗೆಸಿಬಿಡುತ್ತಾರೆ, ಅಥವಾ ಹಾಕಿಸುವುದೇ ಇಲ್ಲ. ಶಾಲೆಯು ಪಾಠಕ್ರಮವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ. ಅರ್ಜಿ, ಲೆಕ್ಕ, ಪರೀಕ್ಷೆಯ ಫಲಿತಾಂಶ, ವೈದ್ಯರ ಸಲಹೆ ಎಲ್ಲವೂ ಅದರ ಮೂಲಕವೇ ಬರತೊಡಗುತ್ತವೆ. ಜನರು ಹೀಗೆ ಒರಗಿಕೊಳ್ಳಲಿ ಎಂಬುದೇ ಪ್ರಾರಂಭಿಸಿದವನ ಆಸೆ. ಅವನ ಜಾಹೀರಾತುಗಳೆಲ್ಲವೂ ಅದಕ್ಕಾಗಿಯೇ ಇದ್ದುವು. ಒರಗಿಕೊಳ್ಳಿರೆಂದು ಕರೆದವನು, ಒರಗಿಕೊಂಡ ಮೇಲೆ ಗೋಡೆಯನ್ನು ಸರಿಸುವಾಗ, ಗೋಡೆಯು ತನ್ನದೆಂದಷ್ಟೇ ಹೇಳಿ ಜಾರಿಕೊಳ್ಳಲಾಗದು. ಋಣವು ಹುಟ್ಟುವುದು ಅವನು ಪಡೆದ ಹಣದಿಂದಲ್ಲ. ಅವನ ಮಾತಿನ ಮೇಲೆ ಇತರರು ಕಟ್ಟಿಕೊಂಡ ಬಾಳಿನಿಂದ. ಆದುದರಿಂದ ಆ ಋಣದ ಅಳತೆಯೂ ಒಂದೇ ಸಮನಾಗಿರುವುದಿಲ್ಲ. ಯಾರಿಗೆ ಬೇರೆ ದಾರಿಗಳು ಹಲವು ಉಂಟೋ ಅವರಿಗೆ ಅವನು ತೆರಬೇಕಾದುದು ಅಲ್ಪ. ಯಾರಿಗೆ ಅದೊಂದೇ ದಾರಿಯೋ ಅವರಿಗೆ ತೆರಬೇಕಾದುದು ಅಧಿಕ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಮೇಲಿನ ಎರಡು ಕಥೆಗಳ ಅಂತರವು ಕಾಣುತ್ತದೆ. ಕೊರಿಯಾದಲ್ಲಿ ಸೇವೆಯು ಮುಗಿಯುವ ಹೊತ್ತಿಗೆ ಅದೇ ಬೀದಿಗಳಲ್ಲಿ ಅದಕ್ಕಿಂತ ವೇಗವಾದ ಬೇರೆ ಸೇವೆಗಳು ತುಂಬಿದ್ದುವು. ದಾಟುವುದಕ್ಕೆ ಸೇತುವೆಯೂ ಇದ್ದಿತು. ಮೊಟ್ಟೆಯನ್ನು ಹಿಡಿದಿದ್ದವನಿಗೆ ಅಭ್ಯಾಸವು ತಪ್ಪಿದ ಬೇಸರವಿರಬಹುದು, ಬಾಳಿನ ಆಧಾರವು ತಪ್ಪಿದ ಭಯವಿಲ್ಲ. ಅಲ್ಲಿ ಋಣವು ಬಹುಮಟ್ಟಿಗೆ ಸಂದಿತೆನ್ನಬಹುದು. ಅಮೆರಿಕದಲ್ಲಿ ಸ್ವಂತ ಹಣದಿಂದ ಸೇವೆಯನ್ನು ಕೊಂಡಿದ್ದ ನಗರವಾಸಿಗೆ ಆದ ತೊಂದರೆಯು ಸ್ವಲ್ಪವೇ. ಶಾಲೆಯ ಮೂಲಕ, ಗ್ರಂಥಾಲಯದ ಮೂಲಕ, ಅಲ್ಪ ದರದಲ್ಲಿ ಅದನ್ನು ಪಡೆದಿದ್ದವರ ಸ್ಥಿತಿ ಬೇರೆ. ಅವರಿಗೆ ಅದು ಹಲವು ದಾರಿಗಳಲ್ಲಿ ಒಂದಾಗಿರದೆ, ಎಷ್ಟೋ ಸಲ ಒಂದೇ ದಾರಿಯಾಗಿದ್ದಿತು. ಒಂದೇ ರಾತ್ರಿ ಒಂದೇ ಟವರು ನಿಂತರೂ ಇಬ್ಬರಿಗೆ ಆದ ನಷ್ಟವು ಸಮನಲ್ಲ. ನ್ಯಾಯಾಲಯವು ಕೊಟ್ಟ ೯೦ ದಿನಗಳು, ಕಾನೂನಿನ ದೃಷ್ಟಿಯಲ್ಲಿ ಒಂದು ಒಪ್ಪಂದದ ವಿವಾದಕ್ಕೆ ಸಂಬಂಧಪಟ್ಟ ಮಧ್ಯಂತರ ಆಜ್ಞೆ. ಧರ್ಮದ ದೃಷ್ಟಿಯಲ್ಲಿ ಅದರ ಅರ್ಥವು ಇನ್ನೂ ವಿಶಾಲವಾದುದು. ಮುಚ್ಚುವ ಹಕ್ಕನ್ನು ಅದು ಅಲ್ಲಗಳೆಯಲಿಲ್ಲ. ದಾಟುವುದಕ್ಕೆ ಹೊತ್ತು ಬೇಕೆಂದು ಮಾತ್ರ ಹೇಳಿತು.

ಇಷ್ಟಕ್ಕೆ ಮತ್ತೊಂದು ವಿಚಾರವನ್ನು ಸೇರಿಸಬೇಕು. ಅಂಬಿಗನ ದೋಣಿಯು ಅವನದೇ ಆಗಿರಬಹುದು. ಆದರೆ ಹೊಳೆಯು ಅವನದಲ್ಲ. ನಿಸ್ತಂತು ಸೇವೆಯು ಹರಿಯುವ ಆಕಾಶವೂ ಹಾಗೆಯೇ. ೧೯೯೫ನೆಯ ಇಸವಿಯ ಫೆಬ್ರವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಪಂದ್ಯಗಳ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ರೇಡಿಯೋ ತರಂಗಗಳು ಸಾರ್ವಜನಿಕ ಸೊತ್ತೆಂದು ತೀರ್ಮಾನಿಸಿತು. ೨೦೧೦ರಲ್ಲಿ ಇದೇ ನಿಸ್ತಂತು ಬ್ರಾಡ್‌ಬ್ಯಾಂಡ್ ಸೇವೆಗಾಗಿ ಸರ್ಕಾರವು ತರಂಗಾಂತರವನ್ನು ಹರಾಜು ಹಾಕಿದಾಗ ಬೊಕ್ಕಸಕ್ಕೆ ಸುಮಾರು ೩೮,೫೪೩ ಕೋಟಿ ರೂಪಾಯಿ ಬಂದಿತು. ಇನ್ಫೋಟೆಲ್ ಎಂಬ ಕಂಪೆನಿಯು ದೇಶದ ೨೨ ವಲಯಗಳಲ್ಲಿಯೂ ಹಕ್ಕನ್ನು ಪಡೆದು ಸುಮಾರು ೧೨,೮೪೮ ಕೋಟಿ ರೂಪಾಯಿ ತೆರಬೇಕಾಯಿತು. ಕೂಡಲೆ ಅದನ್ನು ರಿಲಯನ್ಸ್ ಸಂಸ್ಥೆಯು ಕೊಂಡುಕೊಂಡಿತು. ಕರ್ನಾಟಕವೇ ಮೊದಲಾದ ನಾಲ್ಕು ವಲಯಗಳಲ್ಲಿ ಏರ್‌ಟೆಲ್ ಕಂಪೆನಿಗೆ ಹಕ್ಕು ದೊರೆಯಿತು. ಇಷ್ಟು ಹಣ ತೆತ್ತವನಿಗೆ ಆಕಾಶವು ತನ್ನದೆಂಬ ಭಾವನೆ ಬರುವುದು ಸಹಜ. ಆದರೆ ಅವನು ಕೊಂಡುದು ಆಕಾಶವನ್ನಲ್ಲ, ಇಪ್ಪತ್ತು ವರ್ಷ ಅದನ್ನು ಬಳಸುವ ಅನುಮತಿಯನ್ನು. ಅವನು ಒಡೆಯನಲ್ಲ, ಗೇಣಿದಾರನು. ಹೊಲವನ್ನು ಗೇಣಿಗೆ ಹಿಡಿದವನು ಬೆಳೆಯನ್ನು ಮಾರಿಕೊಳ್ಳಬಹುದು. ಬದುವನ್ನು ಕೆಡಿಸಿ ಹೋಗಲು ಅವನಿಗೆ ಅಧಿಕಾರವಿಲ್ಲ.

ಹರಾಜಿನ ತರುವಾಯ ಭಾರತದಲ್ಲಿ ನಡೆದುದು ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ವೈಮ್ಯಾಕ್ಸೋ ಎಲ್.ಟಿ.ಇ.ಯೋ ಎಂಬ ಆಯ್ಕೆಯು ಕಂಪೆನಿಗಳಿಗೇ ಬಿಟ್ಟುದಾಗಿದ್ದಿತು. ಏರ್‌ಟೆಲ್ ಕಂಪೆನಿಯು ಎಲ್.ಟಿ.ಇ. ಪದ್ಧತಿಯನ್ನು ಆರಿಸಿಕೊಂಡು, ೨೦೧೨ರ ಏಪ್ರಿಲ್ ೧೦ರಂದು ಕಲ್ಕತ್ತೆಯಲ್ಲಿಯೂ ಮೇ ೭ರಂದು ಬೆಂಗಳೂರಿನಲ್ಲಿಯೂ ಸೇವೆಯನ್ನು ತೆರೆಯಿತು. ಆಗ ಅದು ದೊರೆತುದು ಫೋನಿನಲ್ಲಲ್ಲ. ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್ ಮೊದಲಾದ ಉಪಕರಣಗಳಲ್ಲಿ. ರಿಲಯನ್ಸ್ ಸಂಸ್ಥೆಯ ಸೇವೆಯು ಜಿಯೋ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆದುದು ೨೦೧೬ರ ಸೆಪ್ಟೆಂಬರ್ ೫ರಂದು, ಅಂದರೆ ಹರಾಜಾದ ಆರು ವರ್ಷಗಳ ಮೇಲೆ. ಕಾದು ಆರಿಸಿದುದರಿಂದ ಆ ಪದ್ಧತಿಯು ನಡುನೀರಿನಲ್ಲಿ ಕೈಕೊಡಲಿಲ್ಲ; ಇದು ಒಂದು ಲಾಭ. ಆದರೆ ಸಾರ್ವಜನಿಕರ ಆಕಾಶವು ಅಷ್ಟು ಕಾಲ ಬಿತ್ತದ ಹೊಲದಂತೆ ಬಹುಪಾಲು ಬೀಳುಬಿದ್ದಿತು. ಇದು ಒಂದು ನಷ್ಟ. ಸಾಮಾನ್ಯರ ಸೊತ್ತನ್ನು ಹಿಡಿದವನಿಗೆ ಅವಸರದಿಂದ ಆರಂಭಿಸಿ ಬಿಡುವುದು ಹೇಗೆ ದೋಷವೋ ಹಾಗೆಯೇ ಹಿಡಿದಿಟ್ಟುಕೊಂಡು ಆರಂಭಿಸದಿರುವುದೂ ದೋಷಕ್ಕೆ ಹತ್ತಿರವಾದುದೇ. ಇದನ್ನು ಅರಿತೇ ಸರ್ಕಾರವು, ಐದು ವರ್ಷಗಳೊಳಗೆ ಇಷ್ಟು ಪ್ರದೇಶಕ್ಕೆ ಸೇವೆಯು ತಲುಪಬೇಕು, ಗ್ರಾಮಾಂತರಕ್ಕೂ ಅದರಲ್ಲಿ ಪಾಲಿರಬೇಕು ಎಂಬ ಷರತ್ತುಗಳನ್ನು ಹಾಕಿದ್ದಿತು. ಬರುವುದಕ್ಕೆ ಹೀಗೆ ಕಾಲಾವಧಿಯೂ ಅಳತೆಯೂ ಗೊತ್ತಾದುವು. ಹೋಗುವುದಕ್ಕೂ ಅಷ್ಟೇ ಎಚ್ಚರಿಕೆಯ ಅಳತೆಗಳು ಬೇಕೆಂಬುದು ಲೋಕದ ಬುದ್ಧಿಗೆ ಇನ್ನೂ ಚೆನ್ನಾಗಿ ಹತ್ತಿಲ್ಲ.

ಈ ವಿವೇಕವು ಕನ್ನಡ ನಾಡಿಗೆ ಹೊಸದಲ್ಲ. ಹಿಂದೆ ಇಲ್ಲಿ ಕೆರೆಯನ್ನು ಕಟ್ಟಿಸುವುದು ಮಹಾಪುಣ್ಯವೆಂದು ಎಣಿಸಲ್ಪಡುತ್ತಿತ್ತು. ಆದರೆ ಕಟ್ಟಿಸಿದರೆ ಸಾಲದೆಂಬುದೂ ಜನರಿಗೆ ತಿಳಿದಿತ್ತು. ಮಳೆಗಾಲಕ್ಕೊಮ್ಮೆ ಏರಿಯು ಸವೆಯುತ್ತದೆ, ಹೂಳು ತುಂಬುತ್ತದೆ, ತೂಬು ಕೆಡುತ್ತದೆ. ಆದುದರಿಂದಲೇ ಕೆರೆಗಳ ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ ಮುಂತಾದ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಭೂಮಿಯನ್ನು ಬಿಡುವುದು, ಕೆರೆಯ ಕೆಳಗಿನ ಆದಾಯದಲ್ಲಿ ಒಂದು ಭಾಗವನ್ನು ಕೆರೆಯ ದುರಸ್ತಿಗೇ ಮೀಸಲಿಡುವುದು ಇವುಗಳ ಅರ್ಥ. ಕಟ್ಟಿಸಿದವನು ತನ್ನ ತರುವಾಯವೂ ಕೆರೆಯು ನಡೆಯುವುದಕ್ಕೆ ಬೇಕಾದುದನ್ನು ಕಟ್ಟಿಸುವ ಹೊತ್ತಿನಲ್ಲಿಯೇ ಏರ್ಪಡಿಸಿ ಕಲ್ಲಿನಲ್ಲಿ ಕೆತ್ತಿಸುತ್ತಿದ್ದನು. ಹೀಗೆ ಮೊದಲ ದಿನದ ಪತ್ರದಲ್ಲಿಯೇ ಮುಂದಿನ ದಿನಗಳ ಹೊಣೆಯೂ ಸೇರಿರುತ್ತಿತ್ತು.

ನಿಸ್ತಂತು ಸೇವೆಗೆ ತಕ್ಕ ಬಿತ್ತುವಟ್ಟವು ಯಾವುದು? ಕೆರೆಯಂತೆ ಶತಮಾನಗಳವರೆಗೆ ನಿಲ್ಲಬೇಕೆಂದು ಅದನ್ನು ಕೇಳಲಾಗದು. ಯಂತ್ರವಿದ್ಯೆಯು ಹತ್ತು ವರ್ಷಕ್ಕೊಮ್ಮೆ ಪೊರೆ ಬಿಡುವ ಹಾವು. ಆದರೆ ಕೆಲವು ಹೊಣೆಗಳನ್ನು ನ್ಯಾಯವಾಗಿ ಕೇಳಬಹುದು. ಪ್ರಾರಂಭದ ದಿನವೇ, ಇಷ್ಟು ವರ್ಷಗಳಿಗೆ ಕಡಮೆಯಿಲ್ಲದಂತೆ ಇದು ನಡೆಯುವುದೆಂಬ ಅವಧಿಯನ್ನು ಹೇಳುವುದು ಒಂದು. ನಿಲ್ಲಿಸುವ ಸುದ್ದಿಯನ್ನು ಪ್ರಾರಂಭದ ಸುದ್ದಿಯಷ್ಟೇ ದೊಡ್ಡ ಅಕ್ಷರಗಳಲ್ಲಿ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಪ್ರಕಟಿಸುವುದು ಇನ್ನೊಂದು. ಬೇರೆ ದಾರಿಯಿಲ್ಲದವರನ್ನು ಮೊದಲು ದಾಟಿಸಿ, ದಾರಿಯುಳ್ಳವರನ್ನು ಆಮೇಲೆ ಕಳುಹಿಸುವುದು ಮೂರನೆಯದು. ಸಾಮಾನ್ಯವಾಗಿ ಲೋಕದಲ್ಲಿ ನಡೆಯುವ ಕ್ರಮವು ಇದಕ್ಕೆ ವಿಪರೀತವಾಗಿರುತ್ತದೆ. ಜನರ ಕೈಯಲ್ಲಿ ಕಲ್ಲಾಗಿ ಉಳಿಯುವ ಉಪಕರಣಗಳನ್ನು ಹಿಂದಕ್ಕೆ ಪಡೆದು ಬೇರೆ ಕೊಡುವುದು ನಾಲ್ಕನೆಯದು. ಇವು ಯಾವುವೂ ಕಂಪೆನಿಯನ್ನು ಮುರಿಯತಕ್ಕ ಭಾರಗಳಲ್ಲ. ಆದಾಯದ ಒಂದು ಸಣ್ಣ ಪಾಲನ್ನು ಮೊದಲಿನಿಂದಲೂ ಎತ್ತಿಟ್ಟರೆ ಸಾಕು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಪ್ರಾಮಾಣಿಕವಾಗಿ ಆರಂಭಿಸಿ, ಶಕ್ತಿಯಿರುವವರೆಗೂ ನಡೆಸಿ, ದಿವಾಳಿಯಾಗಿ ನಿಲ್ಲಿಸಿದವನನ್ನೂ ಋಣಗೇಡಿಯೆಂದು ಹಳಿಯಬೇಕೆ? ಬೇಡ. ಸೋಲಿಗೂ ಕೈಬಿಡುವುದಕ್ಕೂ ಭೇದವುಂಟು. ದೋಣಿಯು ಮುಳುಗಿದ ಅಂಬಿಗನನ್ನು ಯಾರೂ ದೂರುವುದಿಲ್ಲ. ಹೆಚ್ಚು ಕಾಸು ದೊರೆಯುವ ಕಡವಿಗಾಗಿ ಹೇಳದೆ ಹೋದವನನ್ನು ದೂರುತ್ತಾರೆ. ಸೋತವನ ಪಾಲಿನ ಋಣವು ಆಗ ಹೊಳೆಯ ಒಡೆತನವುಳ್ಳ ಸಮಾಜದ ಮೇಲೆ, ಅಂದರೆ ಸರ್ಕಾರದ ಮೇಲೆ, ಬೀಳುತ್ತದೆ. ಆಕಾಶವನ್ನು ಗೇಣಿಗೆ ಕೊಟ್ಟು ಕೋಟ್ಯಂತರ ಹಣವನ್ನು ಪಡೆದವನು ಗೇಣಿದಾರನು ಬಿದ್ದಾಗ ದಡದಲ್ಲಿ ನಿಂತು ನೋಡುವಂತಿಲ್ಲ. ಸೇವೆಯನ್ನು ಪಡೆಯುವವನಿಗೂ ಒಂದು ವಿವೇಕವು ಸಲ್ಲತಕ್ಕದ್ದು. ಹಳೆಯ ಕಾಲುದಾರಿಯಲ್ಲಿ ಮುಳ್ಳು ಬೆಳೆಯದಂತೆ ವರ್ಷಕ್ಕೊಮ್ಮೆಯಾದರೂ ನಡೆದು ಬರುವ ಊರು ಜಾಣರ ಊರು.

ಮುಕ್ತಾಯವೇ ಅಮಂಗಳವೆಂದು ತಿಳಿಯಬೇಕಾಗಿಲ್ಲ. ಭಾರತದ ಟೆಲಿಗ್ರಾಂ ಸೇವೆಯು ೧೮೫೦ರ ದಶಕದಿಂದ ನೂರಾರವತ್ತು ವರ್ಷಗಳಷ್ಟು ಕಾಲ ಸುಖದುಃಖಗಳ ವಾರ್ತೆಯನ್ನು ಹೊತ್ತು, ೨೦೧೩ರ ಜುಲೈ ತಿಂಗಳಲ್ಲಿ ಮುಗಿಯಿತು. ದಿನವನ್ನು ಮೊದಲೇ ಸಾರಿದ್ದರು. ಕೊನೆಯ ದಿನ ಜನರು ಕಚೇರಿಗಳಿಗೆ ಬಂದು, ನೆನಪಿಗಾಗಿ ಬಂಧುಮಿತ್ರರಿಗೆ ತಂತಿ ಕಳುಹಿಸಿದರು. ಆ ಹೊತ್ತಿಗೆ ಅದರ ಕೆಲಸವನ್ನು ಬೇರೆ ಸಾಧನಗಳು ವಹಿಸಿಕೊಂಡಿದ್ದುವು. ಋಣವು ತೀರಿದ ಮೇಲೆ ಬರುವ ಮುಕ್ತಾಯವು ಹೀಗೆ ಬೀಳ್ಕೊಡುಗೆಯಂತಿರುತ್ತದೆ. ತೀರದೆ ಬರುವ ಮುಕ್ತಾಯವು ಪರಾರಿಯಂತಿರುತ್ತದೆ.

ಇನ್ನು ಮುಂದೆಯೂ ಹೊಸ ಹೊಸ ನಿಸ್ತಂತು ಸೇವೆಗಳು ಹುಟ್ಟುವುವು. ಟವರುಗಳಿಂದ ಮಾತ್ರವಲ್ಲ, ಭೂಮಿಯನ್ನು ಸುತ್ತುವ ಉಪಗ್ರಹಗಳಿಂದಲೂ ಜಾಲವು ಈಗಾಗಲೆ ಇಳಿದುಬರುತ್ತಿದೆ. ದಾರಿಯಿಲ್ಲದ ಬೆಟ್ಟದ ಹಳ್ಳಿಗೂ ಹೊಳೆನಡುವಿನ ಕುದುರಿಗೂ ಅದು ತಲುಪಿದರೆ ಬಹು ದೊಡ್ಡ ಉಪಕಾರವಾಗುವುದರಲ್ಲಿ ಸಂದೇಹವಿಲ್ಲ. ಅಂಥ ಪ್ರಾರಂಭಗಳನ್ನು ಹಬ್ಬದಂತೆ ಆಚರಿಸುವುದೂ ತಕ್ಕುದೇ. ಆದರೆ ದೀಪವನ್ನು ಹಚ್ಚುವವರನ್ನು, ಎಣ್ಣೆಯು ಎಷ್ಟ� ದಿನಕ್ಕೆ ಉಂಟೆಂದು ಕೇಳುವುದು ಅಪಶಕುನವಲ್ಲ. ಅದರ ಬೆಳಕನ್ನು ನಂಬಿ ಹೊರಟವರು ಕತ್ತಲೆಯಲ್ಲಿ ನಡುದಾರಿಯಲ್ಲಿ ನಿಲ್ಲಬಾರದೆಂಬ ಕಳಕಳಿಯಷ್ಟೇ ಆ ಪ್ರಶ್ನೆಯ ಹಿಂದಿರುವುದು. ಅದಕ್ಕೆ ನೇರವಾದ ಉತ್ತರವನ್ನು ಕೊಡಬಲ್ಲವನ ಸಂಕಲ್ಪವೇ ಸಂಕಲ್ಪವೆನಿಸಿಕೊಳ್ಳಲು ಅರ್ಹವಾದುದು.